ಕೊರಳಲ್ಲಿ ಇರುವುದು

ನನಗೆ ಹೆಣಿಗೆ ಬರುವುದಿಲ್ಲ. ಬರುವುದಿಲ್ಲ ಎಂದರೆ, ಕಡ್ಡಿ ಹಿಡಿಯಲು ಬರುತ್ತದೆ, ಉಣ್ಣೆಯನ್ನು ಬೆರಳಿಗೆ ಸುತ್ತಿಕೊಳ್ಳಲು ಬರುತ್ತದೆ, ಕೆಲವು ಸಂಜೆಗಳ ನಂತರ ನನ್ನ ತೊಡೆಯ ಮೇಲಿಂದ ಉದ್ದನೆಯ ವಸ್ತುವೊಂದು ನೆಲದವರೆಗೆ ಇಳಿದಿರುತ್ತದೆ. ಅದನ್ನು ಹೆಣಿಗೆ ಎಂದು ಬೇರೆಯವರು ಒಪ್ಪುವುದಿಲ್ಲ, ಅಷ್ಟೆ. ನನ್ನ ಕೈ ಸಡಿಲ. ನಮ್ಮವರಿಗೆಂದು ನಾನು ಹೆಣೆದ ಬೂದು ಬಣ್ಣದ ಮಫ್ಲರನ್ನು ನಾದಿನಿ ಬೆಳಕಿಗೆ ಹಿಡಿದು, ಅದರ ಕಣ್ಣುಗಳ ಮೂಲಕ ಎದುರಿನ ಟೀ ತೋಟವನ್ನೆಲ್ಲ ನೋಡಿ, "ಅತ್ತಿಗೆ, ಇದು ಮಫ್ಲರಾ, ಮೀನಿನ ಬಲೆಯಾ?" ಎಂದು ಕೇಳಿದ್ದಳು. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಮೀನಿನ ಬಲೆಗೆ ಏನು ಕೆಲಸ ಎಂದೆ. "ಅದನ್ನೇ ನಾನೂ ಕೇಳಿದ್ದು" ಎಂದಳು.

ನಾವು ಮೇಜಿನ ಗರಗಸ ಕೊಂಡ ಕತೆಯನ್ನು ಹೇಳಲು ಹೊರಟವಳು ಹೆಣಿಗೆಯಿಂದ ಶುರು ಮಾಡಿದ್ದೇಕೆ ಎಂದು ನೀವು ಕೇಳಬಹುದು. ಸಂಬಂಧ ಇದೆ. ಗಾಬರಿಯಾಗಬೇಡಿ, ಎಲ್ಲರೂ ಬದುಕಿದ್ದಾರೆ, ಎಲ್ಲರ ಬೆರಳುಗಳೂ ಇದ್ದಲ್ಲೇ ಇವೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಿಮ್ಮ ನೆಮ್ಮದಿಗಿಂತ ಹೆಚ್ಚಾಗಿ ನನ್ನ ನೆಮ್ಮದಿಗೆ. ಆ ದಿನದ್ದನ್ನು ನೆನೆಯುವಾಗಲೆಲ್ಲ ನಾನು ಕೊನೆಯನ್ನು ಮೊದಲು ಹೇಳಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೇನೆ.

ನಮ್ಮ ಮನೆ ಇರುವುದು ಕೂನೂರಿನ ಬೆಟ್ಟಗಳಲ್ಲಿ, ಹುಬ್ಬತಲೈ ಎಂಬ ಊರಿನ ಪಕ್ಕದಲ್ಲಿ. ನಮ್ಮ ಕಡೆ ಮಫ್ಲರ್ ಎಂಬುದು ಬಟ್ಟೆಯಲ್ಲ, ಅವಯವ. ಬೆಳಗ್ಗೆ ಹಲ್ಲುಜ್ಜುವಾಗ ಕೊರಳಿಗೆ ಬರುತ್ತದೆ, ಹಾಸಿಗೆಯಲ್ಲಿ ಕಂಬಳಿ ಎಳೆದುಕೊಂಡ ಮೇಲೆ ತಾನಾಗಿ ಕಳಚಿ ದಿಂಬಿನ ಪಕ್ಕ ಮಲಗುತ್ತದೆ. ಮದುವೆಯ ಫೋಟೋದಲ್ಲಿ ರೇಷ್ಮೆ ಶಲ್ಯದ ಅಡಿಯಿಂದ ಇಣುಕುವ ಮಫ್ಲರುಗಳನ್ನು ನಾನು ಕಂಡಿದ್ದೇನೆ. ಕೂನೂರಿನ ಪೇಟೆಯಲ್ಲಿ ನಮ್ಮವರು ಒಮ್ಮೆ ಮಫ್ಲರ್ ಕಳೆದುಹೋಯಿತೆಂದು ಹೋದ ಅಂಗಡಿಗಳಿಗೆಲ್ಲ ಮತ್ತೆ ಹೋಗಿ ಹುಡುಕಿದ್ದಾರೆ. ಎಲ್ಲ ಅಂಗಡಿಯವರೂ ಅವರ ಕೊರಳನ್ನೇ ನೋಡುತ್ತ ಮರ್ಯಾದೆಗೆ ಸುಮ್ಮನಿದ್ದರಂತೆ.

ನಮ್ಮವರು ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡು ಒಳಗೆ ಕಾಲಿಡುವಂತಿಲ್ಲದ ಜಾಗ ಅದು. ಹಾಗಾಗಿ ಎಚ್ಚರಿಕೆ ಅವರ ರಕ್ತದಲ್ಲಿ ಇಳಿದಿದೆ. ಮನೆಯಲ್ಲಿ ಗ್ಯಾಸ್ ಒಲೆ ಹಚ್ಚುವ ಮುಂಚೆ ಮೂಗು ಅರಳಿಸುತ್ತಾರೆ. ಸಾಂಬ್ರಾಣಿ ಹಾಕಿದರೆ ಬಕೆಟ್ಟಿನಲ್ಲಿ ನೀರು ಇದೆಯೇ ಎಂದು ನೋಡುತ್ತಾರೆ. ನಾನು ಕೂನೂರಿನ ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವಳು. ಕನ್ನಡ ಬರೆಯಲು ಬಂದದ್ದು ಮೈಸೂರಿನ ಕಾಲೇಜು, ಹಾಸ್ಟೆಲುಗಳ ಕೃಪೆ. ಮನೆಯೊಳಗೆ ನಾವು ಆಡುವುದು ಬೆಟ್ಟದ ಮಾತು. ನಿಮಗೆ ತೊಡಕಾಗದಿರಲೆಂದು ಇಲ್ಲಿ ಅದನ್ನು ಸ್ವಲ್ಪ ತಲೆ ಬಾಚಿ ಕೂರಿಸಿದ್ದೇನೆ.

ನಿವೃತ್ತಿಯ ಮರುವಾರವೇ ನಮ್ಮವರು ಹಿತ್ತಲಿನ ಹಳೆಯ ಕೊಟ್ಟಿಗೆಯನ್ನು ಗುಡಿಸಿ, ಅದಕ್ಕೆ "ವರ್ಕ್‌ಶಾಪ್" ಎಂದು ಹೆಸರಿಟ್ಟು, ಬಡಗಿಯಾದರು. ಮರಕ್ಕೆ ಕೊರತೆಯಿರಲಿಲ್ಲ. ಟೀ ಗಿಡಗಳ ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ಮರಗಳಲ್ಲಿ ಒಂದೋ ಎರಡೋ ಪ್ರತಿ ಗಾಳಿಗೂ ಉರುಳುತ್ತವೆ. ಕೊರತೆ ಇದ್ದದ್ದು ನೇರಕ್ಕೆ. ಕೈಗರಗಸದಲ್ಲಿ ಅವರು ಕುಯ್ದ ಹಲಗೆ ನಮ್ಮ ಘಾಟ್ ರಸ್ತೆಯ ಹಾಗೆ ಬಳಸಿಕೊಂಡು ಹೋಗುತ್ತಿತ್ತು. ಮೊದಲು ಮಾಡಿದ ಸ್ಟೂಲಿಗೆ ಕಾಲು ನಾಲ್ಕಿದ್ದರೂ ನೆಲ ಮುಟ್ಟುತ್ತಿದ್ದದ್ದು ಒಂದು ಸಲಕ್ಕೆ ಮೂರೇ. ಅದರ ಮೇಲೆ ಕುಳಿತ ಅತಿಥಿಗಳು ನಮ್ಮ ಮಾತಿಗೆಲ್ಲ ತೂಗುತ್ತಿದ್ದರು. ನಾವು ಅದನ್ನು ಒಪ್ಪಿಗೆ ಎಂದು ತಿಳಿಯುತ್ತಿದ್ದೆವು.

"ಟೀಚರಮ್ಮ, ತಪ್ಪು ನನ್ನ ಕೈಯದಲ್ಲ. ಟೇಬಲ್ ಸಾ ಬೇಕು" ಎಂದರು ಒಂದು ದಿನ. ಕಬ್ಬಿಣದ ಮೇಜು, ಅದರ ಸೀಳಿನಿಂದ ಅರ್ಧ ಮೇಲೆದ್ದು ಗಿರ್ರನೆ ತಿರುಗುವ ಹಲ್ಲಿನ ಚಕ್ರ, ಹಲಗೆಯನ್ನು ಮೇಜಿನ ಮೇಲಿಟ್ಟು ತಳ್ಳಿದರೆ ದಾರ ಹಿಡಿದಂಥ ನೇರ. ಇಷ್ಟನ್ನು ಹೇಳುವಾಗ ಅವರ ಮುಖದಲ್ಲಿ ನಮ್ಮ ಮದುವೆಯ ದಿನ ನಾನು ಹುಡುಕಿ ಕಾಣದ ಒಂದು ಬೆಳಕು ಇತ್ತು.

ಗರಗಸ ಎಂಬ ಪದವೇ ಸ್ವಾರಸ್ಯದ್ದು. ಸಂಸ್ಕೃತದ ಕ್ರಕಚ ನಮ್ಮ ಬಾಯಲ್ಲಿ ಸವೆದು ಗರಗಸವಾಯಿತಂತೆ. ಎರಡನ್ನೂ ಜೋರಾಗಿ ಹೇಳಿ ನೋಡಿ, ಒಂದು ಮರಕ್ಕೆ ಹಲ್ಲು ತಾಗುವಾಗಿನ ಸದ್ದು, ಇನ್ನೊಂದು ಅರ್ಧ ದಾರಿ ಹೋದ ಮೇಲಿನದು. ತಮಿಳಿನಲ್ಲಿ ಗರಗಸಕ್ಕೆ ರಂಬಂ ಎನ್ನುತ್ತಾರೆ. ಒಂದೇ ವಿಷಯವನ್ನು ಎಳೆದೆಳೆದು ಮಾತಾಡಿ ತಲೆ ತಿನ್ನುವವನಿಗೂ ರಂಬಂ ಎಂದೇ ಹೆಸರು. ನಾವೂ ಅಂಥವನನ್ನು 'ಕುಯ್ಯುತ್ತಾನೆ' ಎನ್ನುತ್ತೇವೆ, 'ಕೊರೆಯುತ್ತಾನೆ' ಎನ್ನುತ್ತೇವೆ. ಗಡಿ, ನದಿ, ನೀರು ಎಂದು ಎಷ್ಟೋ ವಿಷಯಗಳಲ್ಲಿ ಒಮ್ಮತಕ್ಕೆ ಬಾರದ ಎರಡು ಭಾಷೆಗಳು ಈ ಒಂದು ಪ್ರಾಣಿಯ ಬಗ್ಗೆ ಒಂದೇ ತೀರ್ಮಾನಕ್ಕೆ ಬಂದಿವೆ. ಆ ಚಳಿಗಾಲದಲ್ಲಿ ನಮ್ಮ ಮನೆಗೆ ಗರಗಸ ಬರುವ ಮುಂಚೆಯೇ ರಂಬಂ ಬಂದಾಗಿತ್ತು. ಬೆಳಗಿನ ಕಾಫಿಗೆ ಮೋಟಾರಿನ ಬಲ, ಮಧ್ಯಾಹ್ನದ ಅನ್ನಕ್ಕೆ ಚಕ್ರದ ಅಗಲ, ರಾತ್ರಿಯ ಗಂಜಿಗೆ ಹಲಗೆ ಒರಗಿ ಸಾಗುವ ಕಂಬಿಯ ನೇರ. ಕೊಟ್ಟಿಗೆಯ ಕರೆಂಟು ತಡೆಯುವಂಥ ಸಣ್ಣದು ಬೇಕೇ, ಬೀಡುಕಬ್ಬಿಣದ ಭಾರದ್ದು ಬೇಕೇ? ಭಾರದ್ದಾದರೆ ನಮ್ಮ ಮನೆಯ ಮೆಟ್ಟಿಲು ಇಳಿಸುವವರಾರು? ಅಥವಾ ಕೈಯಲ್ಲಿ ಹಿಡಿಯುವ ಗರಗಸವನ್ನೇ ತಲೆಕೆಳಗು ಮಾಡಿ ಪ್ಲೈವುಡ್ಡಿಗೆ ಬಿಗಿದರೆ ಆಗದೇ? ಕೊನೆಯದಕ್ಕೆ ಮಾತ್ರ ನಾನು ಬಾಯಿ ತೆರೆದು, "ಇಲ್ಲೆ" ಎಂದೆ. ತಲೆಕೆಳಗಾದ ಯಾವುದನ್ನೂ ನಾನು ನಂಬುವುದಿಲ್ಲ.

ಹೀಗಿರುವಾಗ ಗೂಡಲೂರಿನಲ್ಲಿ ಬೇಬಿಯವರ ಹತ್ತಿರ ಒಂದು ಹಳೆಯ ಯಂತ್ರ ಇದೆ ಎಂದು ಸುದ್ದಿ ಬಂತು. ಬೇಬಿ ಎಂದರೆ ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾದಷ್ಟು ದೊಡ್ಡ ಮನುಷ್ಯ, ಪೀಠೋಪಕರಣ ಮಾಡುವವರು. ಹೊಸ ದೊಡ್ಡ ಯಂತ್ರ ತಂದುಕೊಂಡಿದ್ದರಿಂದ ಹಳೆಯದನ್ನು ಮಾರುವವರಿದ್ದರು. ನಾವು ಊಟಿಗೆ ಹೋಗಿ ಅಲ್ಲಿಂದ ಗೂಡಲೂರಿನ ಬಸ್ಸು ಹತ್ತಿದೆವು. ನಡುವಟ್ಟಂ ದಾಟಿ ಇಳಿಯುತ್ತಿದ್ದ ಹಾಗೆ ಬಸ್ಸಿನಲ್ಲಿ ಒಬ್ಬೊಬ್ಬರೇ ಸ್ವೆಟರ್ ಕಳಚತೊಡಗಿದರು. ಗೂಡಲೂರಿನವರು ಅರ್ಧ ತೋಳಿನ ಅಂಗಿಯಲ್ಲಿ ಓಡಾಡುವ ಜನ. ನಮ್ಮವರು ಮಾತ್ರ ಮೇಲಿನಿಂದ ಹೇಗೆ ಹೊರಟಿದ್ದರೋ ಹಾಗೆಯೇ ಇಳಿದರು, ಮಂಕಿ ಕ್ಯಾಪು, ಸ್ವೆಟರು, ನನ್ನ ಮಫ್ಲರು. ಮಫ್ಲರಿನ ಒಂದು ತುದಿ ಮುಂದೆ, ಒಂದು ತುದಿ ಹಿಂದೆ.

ಬೇಬಿ ಚಹಾ ಕೊಟ್ಟರು, ನೇಂದ್ರ ಬಾಳೆಹಣ್ಣಿನ ಒಂದು ಕೈಚೀಲವನ್ನೂ ಕೊಟ್ಟರು. ಅವರ ತಮಿಳಿನಲ್ಲಿ ಮಲಯಾಳ, ನಮ್ಮವರ ತಮಿಳಿನಲ್ಲಿ ಬೆಟ್ಟದ ಮಾತು. ಆದರೂ ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು ಎಂದೇ ನಾನು ಆಗ ನಂಬಿದ್ದೆ. ಬೇಬಿ ಯಂತ್ರಕ್ಕೆ 'ಅರಕ್ಕವಾಳ್' ಎಂದರು. ವಾಳ್ ಎಂದರೆ ಕತ್ತಿ, ಯುದ್ಧದ ಕತ್ತಿ. ಮಲಯಾಳಿಗಳು ಗರಗಸವನ್ನು ಕುಯ್ಯುವ ಕತ್ತಿ ಎಂದೇ ಕರೆಯುತ್ತಾರೆಂದು ನನಗೆ ಅಂದು ತಿಳಿಯಿತು. ಚಕ್ರದ ಮೇಲೆ ಇರಬೇಕಾದ ಮುಚ್ಚಳ ಕಾಣಲಿಲ್ಲ. ಕೇಳಿದ್ದಕ್ಕೆ, "ಅದು ಅಡ್ಡ ಬರುತ್ತೆ ಟೀಚರ್, ಎಲ್ಲರೂ ತೆಗೆದುಬಿಡ್ತಾರೆ" ಎಂದರು. ಒಂದು ಹಲಗೆಯನ್ನು ತಾವೇ ಸೀಳಿ ತೋರಿಸಿದರು. ನಮ್ಮವರು ಸೀಳಿದ ಅಂಚಿನ ಮೇಲೆ ಬೆರಳಾಡಿಸಿದ ರೀತಿ ನೋಡಿ, ಈ ಯಂತ್ರ ನಮ್ಮ ಮನೆಗೆ ಬಂದಂತೆಯೇ ಎಂದುಕೊಂಡೆ.

"ನೀವೂ ಒಂದು ಓಡಿಸಿ ನೋಡಿ ಸಾರ್" ಎಂದರು ಬೇಬಿ. ಪ್ಲಗ್ ಸ್ವಲ್ಪ ಸಡಿಲವಾಗಿತ್ತೆಂದು ಕಾಣುತ್ತದೆ, ಗೋಡೆಯ ಕಡೆಗೆ ತಿರುಗಿ ಬಗ್ಗಿದರು. ಬಗ್ಗಿಕೊಂಡೇ ಹೇಳಿದರು, "ಸಾರ್, ಕಳುತ್ತುಲ ಇರುಕ್ಕಿರದೆ ಕಳಟ್ಟುಂಗೊ."

ಕೊರಳಲ್ಲಿ ಇರುವುದನ್ನು ಕಳಚಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಮ್ಮ ಮನೆಯಲ್ಲಿ ಈ ಮಾತಿಗೆ ಏನು ಅರ್ಥವೋ ನಾನರಿಯೆ. ನಮ್ಮ ಮನೆಯಲ್ಲಿ ಕೊರಳಲ್ಲಿ ಇರುವುದು ಎಂದರೆ ಒಂದೇ. ಹುಟ್ಟಿದ ಕೆಲವೇ ದಿನಗಳಲ್ಲಿ ಕಟ್ಟಿದ್ದು, ಬೆಳ್ಳಿಯ ಕರಡಿಗೆಯಲ್ಲಿ ಎದೆಯ ಮೇಲೆ ಇರುವ ಲಿಂಗ. ಅದು ಸ್ನಾನಕ್ಕೂ ಕಳಚುವುದಲ್ಲ, ನಿದ್ದೆಗೂ ಕಳಚುವುದಲ್ಲ, ಮಣ್ಣಿಗೂ ಜೊತೆಯಲ್ಲೇ ಹೋಗುವುದು. ಕೊರಳಿನಲ್ಲಿ ಬೇರೆ ಏನಾದರೂ ಇದೆ ಎಂಬುದು ನಮ್ಮವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆಗಲೇ ಹೇಳಿದೆನಲ್ಲ, ಮಫ್ಲರ್ ಅವಯವ. ಕೊರಳಲ್ಲಿ ಇರುವುದನ್ನು ಕಳಚಿ ಎಂದರೆ ಯಾರಾದರೂ ಕೊರಳನ್ನು ಕಳಚುತ್ತಾರೆಯೇ?

ನಮ್ಮವರು ಬೇಸರ ಮಾಡಿಕೊಳ್ಳಲಿಲ್ಲ. ಬೇರೆ ಧರ್ಮದವರು, ತಿಳಿಯದೆ ಹೇಳಿದ್ದಾರೆ ಎಂಬ ಸೌಜನ್ಯದಿಂದ ನಕ್ಕು, "ಅದೆಲ್ಲಾ ಕಳಟ್ಟ ಮುಡಿಯಾದು ಬೇಬಿ. ಉಸಿರು ಇರುವರೆ ಇರುಕ್ಕುಂ. ಉಳ್ಳೆ ಪೋಟ್ಟುಕ್ಕಿರೇನ್" ಎಂದರು. ಅದನ್ನು ಕಳಚಲು ಆಗದು, ಉಸಿರಿರುವ ತನಕ ಇರುತ್ತದೆ, ಒಳಗೆ ಹಾಕಿಕೊಳ್ಳುತ್ತೇನೆ.

ಬೇಬಿ ಗೋಡೆಯ ಕಡೆಯಿಂದಲೇ ಗಟ್ಟಿಯಾಗಿ ನಕ್ಕರು. ಈ ಮೇಲಿನವರ ಚಳಿಯ ಭಯಕ್ಕೆ ಮಿತಿಯಿಲ್ಲ ಎಂದುಕೊಂಡಿರಬೇಕು. "ಸರಿ ಸಾರ್, ಉಳ್ಳೆ ಪೋಟ್ಟಾ ಪೋದುಂ" ಎಂದರು. ಒಳಗೆ ಹಾಕಿದರೆ ಸಾಕು.

ನಮ್ಮವರು ಕರಡಿಗೆಯನ್ನು ಅಂಗಿಯೊಳಗೆ ಇಳಿಸಿ, ಮೇಲಿನ ಗುಂಡಿ ಹಾಕಿ, ಸ್ವೆಟರಿನ ಕಾಲರ್ ಸರಿಮಾಡಿಕೊಂಡರು. ಅದರ ಮೇಲೆ ಮಫ್ಲರನ್ನು ಅಚ್ಚುಕಟ್ಟಾಗಿ ಹೊದ್ದುಕೊಂಡರು. ಎಷ್ಟು ಘನತೆಯಿಂದ ಉತ್ತರ ಕೊಟ್ಟರು ಎಂದು ನನಗೆ ಹೆಮ್ಮೆಯೇ ಆಯಿತು. ಇಬ್ಬರು ಮನುಷ್ಯರು ಇಷ್ಟು ಪೂರ್ತಿಯಾಗಿ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡದ್ದನ್ನು ನಾನು ಕಂಡದ್ದು ಕಡಿಮೆ. ಸ್ವಿಚ್ ಬಿತ್ತು.

ಮುಂದಿನದು ಬಹಳ ಚಿಕ್ಕದು. ನಮ್ಮವರು ಪೆನ್ಸಿಲಿನ ಗೆರೆ ಕಾಣಲೆಂದು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಮುಂದಕ್ಕೆ ಬಗ್ಗಿದರು. ಮಫ್ಲರಿನ ಮುಂದಿನ ತುದಿ ಜಾರಿ ಹಲಗೆಯ ಮೇಲೆ ಕುಳಿತಿತು. ಹಲಗೆ ಮುಂದೆ ಸರಿಯಿತು, ಮಫ್ಲರು ಅದರ ಮೇಲೆ ಸವಾರಿ ಮಾಡುತ್ತ ಸರಿಯಿತು. ನಾನು ಎದುರಿಗೆ ನಿಂತಿದ್ದೆ, ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಬಾಳೆಹಣ್ಣು. ನನ್ನ ಬಾಯಿಂದ ಬಂದ ಮಾತು ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ, ನನಗೂ ಕೇಳಲಿಲ್ಲ. ಬೂದು ಬಣ್ಣದ ತುದಿ ಚಕ್ರವನ್ನು ಮುಟ್ಟಿತು. ಅವರ ತಲೆ ಮೇಜಿನ ಕಡೆಗೆ ಒಂದು ಗೇಣು ಕೆಳಗೆ ಹೋಯಿತು. ಯಾರೋ ಹಿರಿಯರಿಗೆ ನಮಸ್ಕಾರ ಮಾಡುವವರ ಹಾಗೆ.

ಆಮೇಲೆ ನನ್ನ ಹೆಣಿಗೆ ಬಿಟ್ಟುಕೊಟ್ಟಿತು. ಸಡಿಲ ಕಣ್ಣುಗಳು ಉದ್ದಕ್ಕೆ ಎಳೆದುಕೊಂಡವು, ಮಫ್ಲರು ಕಿರಿದಾಯಿತು, ಬಳ್ಳಿಯಾಯಿತು, ನೂಲಾಯಿತು, ಪಟ್ಟೆಂದು ಹರಿಯಿತು. ಅರ್ಧ ಮೇಜಿನೊಳಗೆ ಮಾಯವಾಯಿತು. ಕೈ ತಪ್ಪಿದ ಹಲಗೆ ಹಿಂದಕ್ಕೆ ಚಿಮ್ಮಿ, ಅವರ ಪಕ್ಕೆಯನ್ನು ಸವರಿಕೊಂಡು ಹೋಗಿ ತಗಡಿನ ಗೋಡೆಗೆ ಬಡಿಯಿತು. ಬೇಬಿ ಸ್ವಿಚ್ಚಿನ ಮೇಲೆ ಮೈಯನ್ನೇ ಹಾಕಿದರು. ನಮ್ಮವರು ನೆಟ್ಟಗೆ ನಿಂತರು. ಕೊರಳಲ್ಲಿ ಅರ್ಧ ಮಫ್ಲರು, ಅದರ ತುದಿಯಿಂದ ಗುಂಗುರು ಉಣ್ಣೆ.

"ಟೀಚರಮ್ಮ," ಎಂದರು, "ಒಳ್ಳೆ ಮೆಷಿನ್. ಪವರ್ ಇದೆ."

ಬೇಬಿಯ ಮುಖ ಸುಣ್ಣದಂತಾಗಿತ್ತು. "ಒಳಗೆ ಹಾಕ್ತೀನಿ ಅಂದ್ರಲ್ಲ ಸಾರ್! ಉಳ್ಳೆ ಪೋಡ್ರೇನ್ನು ಸೊನ್ನೀಂಗಳೇ!" ಎಂದು ಕೂಗಿದರು.

"ಪೋಟ್ಟೇನೇ!" ಎಂದು ನಮ್ಮವರೂ ಕೂಗಿದರು. ಹಾಕಿದ್ದೇನಲ್ಲ ಎಂದು ಎದೆ ತಟ್ಟಿಕೊಂಡು, ಗುಂಡಿ ಬಿಚ್ಚಿ ಕರಡಿಗೆಯನ್ನು ಹೊರಗೆ ತೆಗೆದು ತೋರಿಸಿದರು. ಬೇಬಿ ಅದನ್ನು ನೋಡಿದರು, ಅರ್ಧ ಮಫ್ಲರನ್ನು ನೋಡಿದರು, ಮತ್ತೆ ಕರಡಿಗೆಯನ್ನು ನೋಡಿದರು. "ಎಂಡೆ ದೈವಮೇ" ಎಂದು ಹಣೆ, ಎದೆ, ಭುಜಗಳನ್ನು ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡು ಅಲ್ಲೇ ಇದ್ದ ಮರದ ದಿಮ್ಮಿಯ ಮೇಲೆ ಕುಸಿದರು. ನಾನೂ ಕುಸಿದೆ. ಬಾಳೆಹಣ್ಣಿನ ಚೀಲದ ಮೇಲೆ ಎಂಬುದು ಬಸ್ಸು ಹತ್ತುವಾಗ ತಿಳಿಯಿತು. ಯಂತ್ರವನ್ನು ನಮಗೆ ಕೊಡುವುದಿಲ್ಲ ಎಂದು ಬೇಬಿ ಖಡಾಖಂಡಿತವಾಗಿ ಹೇಳಿದರು. "ಯಾರಿಗೂ ಕೊಡಲ್ಲ ಸಾರ್. ಮುಚ್ಚಳ ಮತ್ತೆ ಹಾಕೋವರೆಗೂ ನಾನೂ ಮುಟ್ಟಲ್ಲ."

ಶಾಲೆಯಲ್ಲಿ ನಾನು ಜಡತ್ವ ಎಂಬ ಪಾಠ ಮಾಡುತ್ತಿದ್ದೆ. ಸ್ವಿಚ್ ಆರಿಸಿದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗುತ್ತದಲ್ಲ, ಅದು ಜಡತ್ವ ಎಂದು ಪುಸ್ತಕದಲ್ಲಿತ್ತು. ಕೂನೂರಿನ ಮಕ್ಕಳು ನಗುತ್ತಿದ್ದರು, ಅವರ ಯಾರ ಮನೆಯಲ್ಲೂ ಫ್ಯಾನು ಇರಲಿಲ್ಲ. ಈಗಾದರೆ ಉದಾಹರಣೆ ಹುಡುಕಬೇಕಿಲ್ಲ. ಬೇಬಿ ಸ್ವಿಚ್ ಆರಿಸಿದ ಮೇಲೂ ಆ ಚಕ್ರ ತಿರುಗುತ್ತಲೇ ಇತ್ತು. ಸದ್ದು ಕಿರುಚಾಟದಿಂದ ಗುಂಯ್‌ಗುಡುವಿಕೆಗೆ, ಅಲ್ಲಿಂದ ನಿಟ್ಟುಸಿರಿಗೆ ಇಳಿಯಿತು. ಅಲ್ಲಿ ಅದು ನಿಂತಿತು. ನನ್ನೊಳಗೆ ನಿಲ್ಲಲಿಲ್ಲ. ಮಿಕ್ಸಿ ಹಾಕಿದರೆ ಶುರುವಾಗುತ್ತಿತ್ತು. ಕೂನೂರಿನ ಟೈಲರನ ಅಂಗಡಿಯ ಮುಂದೆ ಹೊಲಿಗೆ ಯಂತ್ರದ ಸದ್ದಿಗೆ ಶುರುವಾಗುತ್ತಿತ್ತು. ಪ್ರತಿ ಸಲವೂ ಅವರ ತಲೆ ಒಂದು ಗೇಣು ಕೆಳಗೆ ಹೋಗುವ ತನಕ ಬಂದು, ಅಲ್ಲಿ ನಿಂತು, ಮತ್ತೆ ಮೊದಲಿನಿಂದ. ಕೆಲವು ಸಲ ನಾನು ಪರೀಕ್ಷಕಳ ಹಾಗೆ ಅದನ್ನು ಬದಲಾಯಿಸಿ ನೋಡುತ್ತಿದ್ದೆ. ಮಫ್ಲರಿಗೆ ಗಂಟು ಹಾಕಿಕೊಂಡಿದ್ದರೆ? ನನ್ನದರ ಬದಲು ಬೀರುವಿನಲ್ಲಿದ್ದ ಇನ್ನೊಂದು, ಊಟಿಯಲ್ಲಿ ಕೊಂಡ ಬಿಗಿ ನೇಯ್ಗೆಯ, ಹರಿಯದ ಮಫ್ಲರು ಹಾಕಿಕೊಂಡಿದ್ದರೆ? ಉತ್ತರ ಬರುವ ಮುಂಚೆ ಎದ್ದು ಹೋಗಿ ನಮ್ಮವರು ಎಲ್ಲಿದ್ದಾರೆ ಎಂದು ನೋಡಿಬರುತ್ತಿದ್ದೆ. ಅವರು ಪೇಪರಿನ ಹಿಂದೆ ಇರುತ್ತಿದ್ದರು. "ಏನು?" ಎನ್ನುತ್ತಿದ್ದರು. "ಏನಿಲ್ಲೆ" ಎನ್ನುತ್ತಿದ್ದೆ.

ಬೀರುವಿನ ಬಿಗಿ ಮಫ್ಲರನ್ನು ಸದ್ದಿಲ್ಲದೆ ಕೊಟ್ಟುಬಿಟ್ಟೆ. ಹಾಲಿನವನಿಗೆ ಬೆಚ್ಚಗಾಯಿತು.

ಇನ್ನು ಗರಗಸದ ಮಾತು ಮುಗಿಯಿತು ಎಂದು ನೀವು ತಿಳಿದಿರಬಹುದು. ನಾನೂ ಹಾಗೇ ತಿಳಿದಿದ್ದೆ. ಮುಗಿದೇ ಇತ್ತು. ನಮ್ಮವರು ಆ ವಿಷಯ ಎತ್ತಲೇ ಇಲ್ಲ. ಕಾಫಿಗೆ ಮೋಟಾರಿಲ್ಲ, ಅನ್ನಕ್ಕೆ ಚಕ್ರವಿಲ್ಲ, ಗಂಜಿಗೆ ಕಂಬಿಯಿಲ್ಲ. ಕೊಟ್ಟಿಗೆಯ ಬಾಗಿಲಿಗೆ ಅಗುಳಿ ಬಿತ್ತು. ಸಿಲ್ವರ್ ಓಕಿನ ಹಲಗೆಗಳು ಗೋಡೆಗೆ ಒರಗಿ, ಯಾರೂ ಕುಯ್ಯದೆ, ತಮ್ಮಷ್ಟಕ್ಕೆ ತಿರುಚಿಕೊಳ್ಳತೊಡಗಿದವು. ನಾನು ಭಯಪಟ್ಟೆ ಎಂದು ಆ ಮನುಷ್ಯ ತಮಗೆ ಬೇಕಾದದ್ದನ್ನು ಬಿಟ್ಟುಬಿಟ್ಟಿದ್ದರು. ಬಿಟ್ಟೆ ಎಂದು ಹೇಳಲೂ ಇಲ್ಲ, ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಮದ್ದಿನ ಕಾರ್ಖಾನೆಗೆ ಇವರನ್ನು ಪ್ರತಿದಿನ ಕಳುಹಿಸಿ ನಿಶ್ಚಿಂತೆಯಾಗಿ ಪಾಠ ಮಾಡಿದವಳು ನಾನು. ಅಲ್ಲಿ ನಾನು ಏನನ್ನೂ ಕಣ್ಣಾರೆ ನೋಡಿರಲಿಲ್ಲ, ಅಷ್ಟೇ ವ್ಯತ್ಯಾಸ. ಇನ್ನೊಬ್ಬರ ಕೊರಳನ್ನು ಕಾಯುವ ನೆಪದಲ್ಲಿ ಅವರ ಕೈಗಳನ್ನು ಕಟ್ಟಿಹಾಕಬಹುದೇ ಎಂಬ ಪ್ರಶ್ನೆ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ನಾದಿನಿ ಬಂದವಳು ತೂಗುವ ಸ್ಟೂಲಿನ ಮೇಲೆ ಕುಳಿತು, "ಅಣ್ಣ ಯಾಕೆ ಹೀಗೆ ಮೂಕನಾಗಿಬಿಟ್ಟ? ರಂಬಂ ಹಾಕ್ತಿದ್ದಾಗಲೇ ಚೆನ್ನಾಗಿತ್ತು" ಎಂದಳು. ಸ್ಟೂಲು ತೂಗಿತು. ಈ ಸಲ ನಾನೂ ಒಪ್ಪಿದೆ.

ಮರುದಿನ ಕಾಫಿ ಕೊಡುವಾಗ, "ಸಣ್ಣದಾ, ಭಾರದ್ದಾ?" ಎಂದು ಕೇಳಿದೆ.

ಅವರು ಪೇಪರು ಇಳಿಸಿದರು. "ಯಾವುದು?"

"ಅರಕ್ಕವಾಳ್."

ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. "ನಿನಗೆ ನಿದ್ದೆ ಬರುತ್ತಾ ಟೀಚರಮ್ಮ, ಅದು ಮನೆಯಲ್ಲಿದ್ರೆ?"

"ನನಗೆ ನಿಲ್ಲಿಸಲು ಬರುವಂಥದ್ದಾದರೆ ಬರುತ್ತೆ" ಎಂದೆ.

ಮೊದಲ ಬಾರಿಗೆ ಇಂಥ ಯಂತ್ರ ಕೊಳ್ಳುವವರು ಮೋಟಾರಿನ ಬಲ ನೋಡುತ್ತಾರೆ, ಎಷ್ಟು ದಪ್ಪದ ಮರ ಸೀಳುತ್ತದೆ ಎಂದು ನೋಡುತ್ತಾರೆ. ನನ್ನನ್ನು ಕೇಳಿದರೆ ಇದು ಅಳಿಯನನ್ನು ಹುಡುಕುವಾಗ ಎಷ್ಟು ಜೋರಾಗಿ ಓಡುತ್ತಾನೆ ಎಂದು ವಿಚಾರಿಸಿದಂತೆ. ಹೇಗೆ ನಿಲ್ಲುತ್ತಾನೆ ಎಂಬುದನ್ನಲ್ಲವೇ ನೋಡಬೇಕಾದದ್ದು? ಕೊಯಮತ್ತೂರಿನ ಅಂಗಡಿಗೆ ನಾವಿಬ್ಬರೂ ಹೋದೆವು. ಅಲ್ಲಿನ ಸೆಕೆಗೆ ನಮ್ಮವರು ಮಫ್ಲರನ್ನು ತಾವಾಗಿಯೇ ಕಳಚಿ ಚೀಲದಲ್ಲಿಟ್ಟರು. ಅದನ್ನು ನೋಡಿದ ಮೇಲೆಯೇ ನಾನು ಯಂತ್ರಗಳ ಕಡೆ ತಿರುಗಿದೆ. ವಧೂವರರ ಮೇಳದಲ್ಲಿ ನಿಂತ ವರರ ಹಾಗೆ ಸಾಲಾಗಿ ನಿಂತಿದ್ದವು. ನಾನು ಒಂದೊಂದರ ಮುಂದೆ ನಿಂತು, ಕಣ್ಣು ಮುಚ್ಚಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೊಣಕಾಲಿನಿಂದ ಸ್ವಿಚ್ ಹುಡುಕಿದೆ. ಅಂಗಡಿಯ ಯುವಕ ನನ್ನ ಹಿಂದೆಯೇ ಬಂದ. ಮೂರನೆಯ ಯಂತ್ರಕ್ಕೆ ಬರುವಾಗ ನಮ್ಮವರ ಕಿವಿಯಲ್ಲಿ, "ಮೇಡಂಗೆ ಏನಾದರೂ ತೊಂದರೆಯಾ ಸಾರ್?" ಎಂದು ತಮಿಳಿನಲ್ಲಿ ಕೇಳಿದ.

"ಇಲ್ಲಪ್ಪ, ಫಿಸಿಕ್ಸ್" ಎಂದರು ನಮ್ಮವರು.

"ಮೇಡಂ, ಸಾರ್ ತಾನೇ ಓಡಿಸೋದು?" ಎಂದು ನನ್ನನ್ನು ಕೇಳಿದ.

"ಸಾರ್ ಓಡಿಸೋರು. ನಾನು ನಿಲ್ಲಿಸೋಳು."

ನಮ್ಮವರು ಬೀಡುಕಬ್ಬಿಣದ ದೊಡ್ಡದೊಂದರ ಮುಂದೆ ಆಸೆಯಿಂದ ನಿಂತಿದ್ದರು. ಅದರ ಸ್ವಿಚ್ಚು ಪಕ್ಕದಲ್ಲೆಲ್ಲೋ ಅಡಗಿತ್ತು, ನನ್ನ ಮೊಣಕಾಲಿಗೆ ಸಿಗಲಿಲ್ಲ. ಕೊನೆಗೆ ಒಪ್ಪಿದ್ದು ಸಾಧಾರಣ ಗಾತ್ರದ ಒಂದನ್ನು. ನಾವಿಬ್ಬರೂ ಹಿಡಿದರೆ ಮೆಟ್ಟಿಲು ಇಳಿಯುವಷ್ಟು ಭಾರ. ಮುಂಭಾಗದಲ್ಲಿ ಅಂಗೈಯಷ್ಟು ಅಗಲದ ಕೆಂಪು ಗುಂಡಿ, ಮೊಣಕಾಲು ತಾಗಿದರೂ ಸಾಕು. ಚಕ್ರದ ಮೇಲೆ ಪಾರದರ್ಶಕ ಮುಚ್ಚಳ. ಚಕ್ರದ ಬೆನ್ನಿಗೇ ಒಂದು ತೆಳ್ಳನೆಯ ಉಕ್ಕಿನ ತಗಡು ನಿಂತಿರುತ್ತದೆ. ಸೀಳಿದ ಹಲಗೆ ಮತ್ತೆ ಮುಚ್ಚಿಕೊಂಡು ಚಕ್ರವನ್ನು ಹಿಡಿಯದಂತೆ, ಹಿಡಿದು ಹಿಂದಕ್ಕೆ ಚಿಮ್ಮದಂತೆ ನಡುವೆ ನಿಲ್ಲುವುದೇ ಅದರ ಕೆಲಸ. ಸಿಲ್ವರ್ ಓಕಿನಂಥ ತಿರುಚುವ ಮರಕ್ಕೆ ಅದಿಲ್ಲದೆ ಆಗದು. ಏನನ್ನೂ ಕತ್ತರಿಸದೆ, ತಿರುಗದೆ, ಸುಮ್ಮನೆ ನಡುವೆ ನಿಂತು ಅನಾಹುತ ತಪ್ಪಿಸುವ ಆ ತಗಡಿನ ಮೇಲೆ ನನಗೆ ವಿಶೇಷ ಮಮತೆ. ದೊಡ್ಡ ಕುಟುಂಬಗಳಲ್ಲಿ ಇಂಥ ಒಬ್ಬ ಅತ್ತೆಯಾದರೂ ಇರುತ್ತಾಳೆ.

ಯಂತ್ರ ಬಂದ ದಿನ ಬೇಬಿಗೆ ಫೋನ್ ಮಾಡಿ ಹೇಳಿದೆವು. "ಟೀಚರ್, ಮುಚ್ಚಳ ತೆಗೆಯಲು ಬಿಡಬೇಡಿ" ಎಂದರು. ತಮ್ಮ ಯಂತ್ರಕ್ಕೆ ಹಾಕಿಸಿದ್ದಾರಂತೆ. ಆಮೇಲೆ ನಮ್ಮವರ ಜೊತೆ ಮಾತಾಡುತ್ತ ಏನೋ ಹೇಳಿದರು, ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ಬೇಬಿ ಗಿರಾಕಿಗಳಿಗೆ ಕೊರಳಲ್ಲಿ ಇರುವುದು ಎಂದು ಹೇಳುವುದಿಲ್ಲವಂತೆ. ಮಫ್ಲರ್, ಟವಲ್, ಶಾಲು, ಟೈ ಎಂದು ಎಲ್ಲವನ್ನೂ ಹೆಸರು ಹಿಡಿದು ಕರೆಯುತ್ತಾರಂತೆ. ಟೈ ಕಟ್ಟಿಕೊಂಡು ಗೂಡಲೂರಿನಲ್ಲಿ ಮರ ಕುಯ್ಯಲು ಬರುವವರು ಯಾರೋ ತಿಳಿಯದು, ಆದರೂ ಇರಲಿ ಎಂದರಂತೆ.

ಹೊಸ ಗರಗಸದಲ್ಲಿ ಮೊದಲು ತಯಾರಾದದ್ದು ಒಂದು ಗೂಟ. ಸಿಲ್ವರ್ ಓಕಿನ ನೇರವಾದ ಪಟ್ಟಿ, ಅದರ ನಡುವೆ ಒಂದೇ ಗೂಟ. ಕೊಟ್ಟಿಗೆಯ ಬಾಗಿಲಿನ ಹೊರಗಡೆ ಹೊಡೆದಿದ್ದಾರೆ. ಒಳಗೆ ಹೋಗುವ ಮುಂಚೆ ಮಫ್ಲರು ಅಲ್ಲಿ ತೂಗಬೇಕು. ಹೀಗಾಗಿ ನಮ್ಮ ಮನೆಯಲ್ಲಿ ಲೋಕದ ರೂಢಿ ತಿರುವುಮುರುವಾಗಿದೆ. ಬೇರೆ ಮನೆಗಳಲ್ಲಿ ಗಂಡಸಿನ ಮಫ್ಲರು ಗೂಟದಲ್ಲಿ ಕಂಡರೆ, ಸದ್ಯ, ಮನೆಗೆ ಬಂದಿದ್ದಾರೆ ಎಂದು ಹೆಂಗಸರು ನಿಟ್ಟುಸಿರು ಬಿಡುತ್ತಾರೆ. ನನಗೆ ಗೂಟ ಖಾಲಿ ಇದ್ದರೆ ನೆಮ್ಮದಿ. ಅದರಲ್ಲಿ ಮಫ್ಲರು ಕಂಡರೆ ನಾನು ಹಿತ್ತಲಿನಲ್ಲೇ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ. ಕೊತ್ತಂಬರಿ ಬಿಡಿಸುತ್ತೇನೆ. ಒಳಗಿನಿಂದ ಚಕ್ರದ ಕಿರುಚಾಟ, ಆಮೇಲೆ ಗುಂಯ್‌ಗುಡುವಿಕೆ, ಆಮೇಲೆ ನಿಟ್ಟುಸಿರು. ನಿಟ್ಟುಸಿರು ಮುಗಿದ ಮೇಲೆ, "ಟೀಚರಮ್ಮ, ಇದ್ದೀನಿ" ಎಂದು ಒಂದು ಕೂಗು ಬರುತ್ತದೆ. ಹಾಗೆ ಕೂಗಿ ಎಂದು ನಾನು ಹೇಳಿರಲಿಲ್ಲ.

ಗೂಟದಲ್ಲಿರುವ ಮಫ್ಲರು ಹೊಸದು, ನನ್ನದೇ ಹೆಣಿಗೆ. ನಾದಿನಿ ಮತ್ತೆ ಬೆಳಕಿಗೆ ಹಿಡಿದು ನೋಡಿ, ಅತ್ತಿಗೆಗೆ ಈ ಜನ್ಮದಲ್ಲಿ ಕಲಿಯುವ ಯೋಗವಿಲ್ಲ ಎಂದು ತೀರ್ಪು ಕೊಟ್ಟಿದ್ದಾಳೆ. ಸಂಜೆ ಗಾಳಿ ಬೀಸಿದಾಗ ನಮ್ಮವರೂ ಕೊರಳನ್ನು ಕುಗ್ಗಿಸಿ, "ಸ್ವಲ್ಪ ಬಿಗಿಯಾಗಿ ಹೆಣೆಯಬಾರದಾ, ಎಲ್ಲಾ ಕಣ್ಣಿಂದಲೂ ಚಳಿ ನುಗ್ಗುತ್ತೆ" ಎನ್ನುತ್ತಾರೆ. ನನಗೆ ಬರುವುದು ಇಷ್ಟೇ ಎನ್ನುತ್ತೇನೆ.

ನಿಜ ಹೇಳಬೇಕೆಂದರೆ, ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯವರ ಹತ್ತಿರ ಹೋಗಿ ಬಿಗಿ ಹೆಣಿಗೆ ಕಲಿತುಕೊಂಡೆ. ಚೆನ್ನಾಗಿಯೇ ಬರುತ್ತದೆ. ಒಂದು ಜೊತೆ ಕಾಲುಚೀಲ ಹೆಣೆದು ಮುಚ್ಚಿಟ್ಟಿದ್ದೇನೆ, ಒಂದು ಹನಿ ನೀರೂ ಇಳಿಯದಂಥವು. ಮಫ್ಲರಿಗೆ ಮಾತ್ರ ಕಡ್ಡಿ ಹಿಡಿದಾಗ ಕೈ ತಾನಾಗಿ ಸಡಿಲವಾಗುತ್ತದೆ.